ಆಯಿ ಅಂದರೆ ಯಾರು

ಸಖುಬಾಯಿ ನಮ್ಮಲ್ಲಿಗೆ ಬಂದಾಗ ಎರಡೇ ತಿಂಗಳು ಇರುತ್ತೇನೆ ಅಂದಿದ್ದಳು. ಬೀದರಿನ ನಮ್ಮ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿರುವ ಅಶೋಕಕುಮಾರನ ತಾಯಿ ಆಕೆ. ಔರಾದ ತಾಲೂಕಿನ ಚಿಂತಾಕಿಯಿಂದ ಒಂದು ಕೈಚೀಲ, ಒಂದು ಕಂಬಳಿ, ಒಂದು ಡಬ್ಬಿ ಜೋಳದ ಹಿಟ್ಟು ಹಿಡಿದುಕೊಂಡು ಬಂದವಳು, ಮೊಮ್ಮಗಳು ಸ್ವಲ್ಪ ಗಟ್ಟಿಯಾಗಲಿ, ಹೊರಟೆ ಎಂದು ನನ್ನೆದುರೇ ಹೇಳಿದ್ದಳು. ಮೂವತ್ತೊಂದು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ನಾನು, ಕುಮುದಿನಿ, ಓಣಿಗೆಲ್ಲ ಬಾಯಾರು. ಯಾರು ಆಡಿದ ಮಾತಿಗೆ ನಿಲ್ಲುತ್ತಾರೆ, ಯಾರು ನಿಲ್ಲುವುದಿಲ್ಲ ಎಂದು ಮುಖ ನೋಡಿಯೇ ಹೇಳಬಲ್ಲೆ ಎಂಬ ಜಂಬ ನನಗಿದೆ. ಈಕೆ ನಿಲ್ಲುವುದಿಲ್ಲ ಎಂದು ಆಗಲೇ ಅಂದುಕೊಂಡೆ. ಆಕೆ ಮಗುವನ್ನು ಎತ್ತಿಕೊಂಡ ರೀತಿ ಹಾಗಿತ್ತು. ವರ್ಷವಾಯಿತು, ಹೋಗಲಿಲ್ಲ.

ಹೋಗುವ ಹಾಗೂ ಇರಲಿಲ್ಲ ಅನ್ನಿ. ಅಶೋಕಕುಮಾರನ ನೌಕರಿ ಔರಾದದಲ್ಲಿ. ಹೆಂಡತಿ ಸೋನಾಲಿಯದು ಭಾಲ್ಕಿಯಲ್ಲಿ, ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಒಬ್ಬರ ಬಸ್ಸು ಒಂದು ದಿಕ್ಕಿಗೆ, ಇನ್ನೊಬ್ಬರದು ಇನ್ನೊಂದು ದಿಕ್ಕಿಗೆ. ಇಬ್ಬರಿಗೂ ನಡುವೆ ಆಗಲಿ ಎಂದು ಬೀದರಿನಲ್ಲಿ ಮನೆ ಮಾಡಿದ್ದರು. ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಹೊರಟರೆ ಸಂಜೆ ಏಳರವರೆಗೆ ಆ ಎರಡು ಕೋಣೆಗಳಲ್ಲಿ ಉಳಿಯುವವರು ಸಖುಬಾಯಿ ಮತ್ತು ಭಕ್ತಿ.

ಭಕ್ತಿ ಎಂದರೆ ಮಗು. ಹೆಸರಷ್ಟೇ ಭಕ್ತಿ, ಗುಣ ಬೇರೆಯೇ. ಚಪ್ಪಲಿಗಳನ್ನು ಹುಡುಕಿ ತಂದು ನೀರಿನ ಬಕೆಟ್ಟಿಗೆ ಹಾಕುವುದು, ನನ್ನ ತುಳಸಿ ಕಟ್ಟೆಯ ಮಣ್ಣು ತಿನ್ನುವುದು, ಬೈದರೆ ನಗುವುದು. ಆಕೆಗೆ ಊಟ ಮಾಡಿಸುವುದಂತೂ ದೊಡ್ಡ ಕಾರುಬಾರು. ಸಖುಬಾಯಿ ರೊಟ್ಟಿಯನ್ನು ಬೇಳೆಯಲ್ಲಿ ಮೆತ್ತಗೆ ಹಿಸುಕಿ, ತಟ್ಟೆ ಒಂದು ಕೈಯಲ್ಲಿ, ಮಗು ಸೊಂಟದ ಮೇಲೆ, ಎದುರು ಮನೆಯ ಹಾಜಿರಾಬೀಯ ಆಡಿನ ಮುಂದೆ ಹೋಗಿ ನಿಲ್ಲುತ್ತಿದ್ದಳು. ಆಡಿಗೆ ತುತ್ತು ತೋರಿಸಿದರೆ ಅದು ಬಾಯಿ ತೆರೆಯುತ್ತದೆ. ಅದನ್ನು ನೋಡಿ ಭಕ್ತಿಯೂ ತೆರೆಯುತ್ತಾಳೆ. ತುತ್ತು ಭಕ್ತಿಯ ಬಾಯಿಗೆ. ದಿನಾ ಮೋಸಹೋಗುವ ಆಡು, ದಿನಾ ಮೋಸಹೋಗುವ ಮಗು. ಒಂದು ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು.

ಹದಿನೇಳು ತಿಂಗಳು ತುಂಬಿದರೂ ಮಗು ಮಾತಾಡಿರಲಿಲ್ಲ. ಬೇಕಾದದ್ದಕ್ಕೆ ಕೈ ಮಾಡುವುದು, ಕೊಡದಿದ್ದರೆ ಕಿರುಚುವುದು, ಆಡು ಕಂಡರೆ "ಬ್ಯಾ" ಅನ್ನುವುದು, ಇಷ್ಟೇ. ಸೋನಾಲಿ ಚಿಂತೆ ಮಾಡುತ್ತಿದ್ದಳು. ಸಖುಬಾಯಿ ಮಾತ್ರ "ಬರ್ತದ ಬಿಡ್ರಿ, ಮಾತು ಎಲ್ಲಿಗಿ ಹೋಗ್ತದ" ಎಂದು ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು.

ಇಲ್ಲಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸೋನಾಲಿ ಕಮಲನಗರದವಳು. ಆಕೆಯ ತವರಿನಲ್ಲಿ ಮನೆಯೊಳಗೆ ಮರಾಠಿ, ಅಂಗಡಿಯಲ್ಲಿ ಕನ್ನಡ. ಮರಾಠಿಯಲ್ಲಿ ಆಯಿ ಎಂದರೆ ಹೆತ್ತ ತಾಯಿ. ಚಿಂತಾಕಿಯ ಸಖುಬಾಯಿಯ ಮನೆಯಲ್ಲಿ ತಾಯಿಗೆ ಅವ್ವ ಅನ್ನುತ್ತಾರೆ, ಆಯಿ ಎಂದರೆ ಅಜ್ಜಿ. ಊರಲ್ಲಿರುವ ದೊಡ್ಡ ಮಗನ ಮಕ್ಕಳೆಲ್ಲ ಆಕೆಯನ್ನು ಆಯಿ ಎಂದೇ ಕರೆಯುತ್ತವೆ. ಹೀಗೆ ಒಂದೇ ಸೂರಿನಡಿ ಒಂದೇ ಪದಕ್ಕೆ ಇಬ್ಬರು ಹಕ್ಕುದಾರರು. ಸೋನಾಲಿ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ತನ್ನ ಎದೆ ಮುಟ್ಟಿ ತೋರಿಸಿ "ಆಯಿ ಅನ್ನು, ಆಯಿ" ಎಂದು ಕಲಿಸುತ್ತಿದ್ದಳು. ಆಕೆ ಹೋದ ಮೇಲೆ ಸಖುಬಾಯಿ, ಏನೂ ಯೋಚನೆ ಮಾಡದೆ, "ಬಾ ನನ ಬಂಗಾರ, ಆಯಿ ಹಂತ್ಯಾಕ ಬಾ" ಎಂದು ದಿನವಿಡೀ ಕರೆಯುತ್ತಿದ್ದಳು. ಒಬ್ಬರದು ಅರ್ಧ ಗಂಟೆಯ ಪಾಠ, ಇನ್ನೊಬ್ಬರದು ಹನ್ನೊಂದು ಗಂಟೆಯದು. ಮಗು ಯಾರ ತರಗತಿಯಲ್ಲಿ ಪಾಸಾಗುತ್ತದೆ ಎಂದು ಹೇಳಲು ಮಾಸ್ತರರು ಬೇಕಿಲ್ಲ.

ಒಂದು ಭಾನುವಾರ ಭಕ್ತಿ ಮೆಟ್ಟಿಲಿಂದ ಬಿದ್ದಳು. ಹಣೆಗೆ ಸಣ್ಣ ಬುಗುಟು. ಸೋನಾಲಿ ಓಡಿಬಂದು ಎತ್ತಿಕೊಂಡರೆ, ಮಗು ತಾಯಿಯ ಮುಖವನ್ನು ಎರಡೂ ಕೈಯಿಂದ ಆಚೆ ತಳ್ಳಿ, ಒಳಗಿನಿಂದ ಬಂದ ಸಖುಬಾಯಿಯ ಕಡೆ ಕೈ ಚಾಚಿತು. ಸೋನಾಲಿ ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಅಂಗಳದ ನಳದ ಹತ್ತಿರ ನಿಂತಿದ್ದ ನನ್ನ ಬಳಿ ಬಂದಳು. ನಾನು ಕೊಡ ತುಂಬಿಸುತ್ತಿದ್ದೆ.

"ಬಾಯಾರ, ನನಗ ಸಾಕಾಗ್ಯದ್ರಿ," ಅಂದಳು. "ಮಂದಿ ರಕ್ತ ನೋಡಿ ಅವರ ರೋಗ ಹೇಳ್ತೇನಿ. ನನ್ನ ಮಗಳಿಗಿ ನಾ ಯಾರಂತ ಗೊತ್ತಿಲ್ಲ."

"ಅತ್ತ ಕೂಸು ಯಾರ ಕಡಿಗಾದ್ರೂ ಹೋಗ್ತದ. ಹುಚ್ಚರಂಗ ಮಾತಾಡಬ್ಯಾಡ."

"ಹುಚ್ಚಲ್ರಿ. ಆಕಿ ಬಾಯಾಗ ಆಯಿ ಅಂತ ಬಂದ್ರ ಮೊದಲ ನನಗ ಬರಬೇಕು. ಅತ್ತಿಗಿ ಅಂದ್ಲಂದ್ರ ನಾ ನೌಕರಿ ಬಿಟ್ಟು ಮನ್ಯಾಗ ಕೂಡ್ತೇನಿ. ಅರ್ಜಿ ಬರದು ಬ್ಯಾಗಿನ್ಯಾಗ ಇಟ್ಟೀನ್ರಿ."

ಆರು ವರ್ಷ ಕಾಯ್ದು ಕಾಯ್ದು ಖಾಯಂ ಆದ ನೌಕರಿ ಅದು. ನನಗೆ ಸಿಟ್ಟು ಬಂತು, ಬೈಯಬೇಕೆಂದು ತಿರುಗಿದೆ. ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ಸಖುಬಾಯಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಗುವಿನ ಹಣೆ ಸವರುತ್ತಾ ಒಳಗೆ ಹೋದಳು.

ಸರಿಯಾಗಿ ಎರಡನೇ ದಿನ, ಮಂಗಳವಾರ ಮಧ್ಯಾಹ್ನ, ಆ ಮಾತು ಬಂತು. ಸಖುಬಾಯಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು, ನಾನು ಎದುರಿಗೆ ಕಟ್ಟೆಯ ಮೇಲೆ ಕೂತಿದ್ದೆ. ಭಕ್ತಿ ಗೋಡೆ ಹಿಡಿದುಕೊಂಡು ಬಂದು, ಅಜ್ಜಿಯ ಸೆರಗು ಜಗ್ಗಿ, ಸ್ಪಷ್ಟವಾಗಿ "ಆಯಿ" ಅಂದಳು.

ಸಖುಬಾಯಿಯ ಮುಖ ಅರಳಿದ್ದನ್ನು ನಾನು ನೋಡಿದೆ. ಅದು ಬಾಡಿದ್ದನ್ನೂ ನೋಡಿದೆ. ಎರಡಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತೂ ಇರಲಿಲ್ಲ.

"ನಾ ಅಲ್ಲವ್ವಾ," ಅಂದಳು ಮಗುವಿಗೆ. ಆಮೇಲೆ ನನ್ನ ಕಡೆ ನೋಡಿ, "ಬಾಯಾರ, ನೀವೇನೂ ಕೇಳಿಲ್ಲ. ನಿಮ್ಮ ಕೈ ಮುಗೀತೇನಿ, ಯಾರ ಮುಂದನೂ ಬಾಯಿ ಬಿಡಬ್ಯಾಡ್ರಿ."

ನನ್ನ ಪಿತ್ತ ನೆತ್ತಿಗೇರಿತು. "ನಿನಗೇನು ತಲಿ ಕೆಟ್ಟದೇನು? ಕೂಸು ಮೊದಲ ಸಲ ಬಾಯಿ ತಗದಾದ, ಓ ಅನ್ನೂದು ಬಿಟ್ಟು ಅಲ್ಲ ಅಂತೀ?"

ಆಕೆ ಮೊರ ಕೆಳಗಿಟ್ಟಳು. "ನಮ್ಮನ್ಯಾಗ ಅರವತ್ತು ಕುರಿ ಇದ್ದೂರಿ. ಮುಂಜಾನಿ ತಾಯಿ ಕುರಿಗೋಳು ಮೇಯಾಕ ಹೋಗ್ತಿದ್ದೂ, ಮರಿಗೋಳು ದೊಡ್ಡ್ಯಾಗ ನನ್ನ ಹಂತ್ಯಾಕ. ಸಂಜಿಗಿ ಕುರಿ ಬಂದಕೂಡ್ಲೆ ಒಂದೊಂದ ಮರಿ ಹಿಡದು ಅದರ ತಾಯಿಗೇ ಬಿಡೂದು ನನ್ನ ಕೆಲಸ. ಹಸದ ಮರಿ ಸಿಕ್ಕ ಕುರಿಗಿ ಬಾಯಿ ಹಾಕ್ತಾವ್ರಿ, ಅವಕೇನು ತಿಳೀತದ? ಮೂವತ್ತು ವರ್ಷ ಒಂದು ಮರೀನೂ ತಪ್ಪು ಬಿಟ್ಟಿಲ್ಲ. ಈಗ ನನ್ನ ಮಮ್ಮಗಳನ್ನ ತಪ್ಪು ಬಿಡ್ಲ್ಯಾ? ನನ್ನ ಸಲುವಾಗಿ ಆಕಿ ನೌಕರಿ ಹೋಗಬೇಕಾ?"

ವಾದದಲ್ಲಿ ಸೋತಾಗ ನಾನು ಇನ್ನೂ ಜೋರಾಗಿ ಬೈಯುತ್ತೇನೆ. ಅಂದೂ ಬೈದೆ. ಆಮೇಲೆ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಅಲ್ಲಿಂದ ಹನ್ನೆರಡು ದಿನ. ಗೋಡೆಯ ಮೇಲಿದ್ದ ಮಗ ಸೊಸೆಯ ಮದುವೆ ಫೋಟೋ ಕೆಳಗಿಳಿದು ಮಗುವಿನ ಕಣ್ಣಿನ ಮಟ್ಟಕ್ಕೆ ಬಂತು. ಮಗು "ಆಯಿ" ಅಂದಾಗಲೆಲ್ಲ ಸಖುಬಾಯಿ ತಿರುಗಿ ನೋಡುತ್ತಿರಲಿಲ್ಲ. ಎರಡನೇ ಸಲ ಕರೆದರೆ "ನಾ ಅಲ್ಲ" ಅನ್ನುತ್ತಿದ್ದಳು. ಮೂರನೇ ಸಲಕ್ಕೆ ಎತ್ತಿಕೊಂಡು ಹೋಗಿ ಫೋಟೋದಲ್ಲಿ ಸೋನಾಲಿಯ ಮೇಲೆ ಮಗುವಿನ ಬೆರಳಿಟ್ಟು "ಇಕಾ ನೋಡು, ಆಯಿ ಇಲ್ಲಿ ಅದಾಳ" ಅನ್ನುತ್ತಿದ್ದಳು. ಸಂಜೆ ಏಳಕ್ಕೆ ಗೇಟಿನ ಸದ್ದಾದರೆ ಸಾಕು, ಮಗುವನ್ನು ಅಂಗಳದಲ್ಲಿ ನಿಲ್ಲಿಸಿ "ಆಯಿ ಬಂದ್ಲು, ಆಯಿ ಬಂದ್ಲು" ಎಂದು ಹೇಳಿ ತಾನು ಒಳಗೆ ಸರಿಯುತ್ತಿದ್ದಳು. ನಡುವೆ ಬಂದ ಭಾನುವಾರ ಸೋನಾಲಿಯ ಎದುರಿಗೇ ಮಗು ತನ್ನನ್ನು ಕರೆದುಬಿಟ್ಟೀತೆಂದು, ಹಪ್ಪಳ ಮಾಡುವ ನೆಪದಲ್ಲಿ ಇಡೀ ದಿನ ನನ್ನ ಅಡುಗೆ ಮನೆಯಲ್ಲಿ ಅಡಗಿ ಕೂತಳು. ಅಷ್ಟು ಹಪ್ಪಳ ನಮ್ಮ ಮನೆಗೆ ಎರಡು ವರ್ಷಕ್ಕಾಗುತ್ತದೆ.

ಕೆಲಸವೇನೋ ಸರಿಯಾಗಿ ನಡೆದಿತ್ತು, ಆದರೆ ನೋಡಲಿಕ್ಕೆ ಆಗುತ್ತಿರಲಿಲ್ಲ. ಮಗು ಬೆನ್ನ ಹಿಂದೆ ನಿಂತು ಕರೆಯುತ್ತದೆ, ಈಕೆ ಬಟ್ಟೆ ಒಗೆಯುತ್ತಲೇ ಇರುತ್ತಾಳೆ. ಮಗು ಸುತ್ತಿ ಬಂದು ಮುಖ ನೋಡುತ್ತದೆ, ಈಕೆ ಮುಖ ಆಚೆ ತಿರುಗಿಸುತ್ತಾಳೆ. ಎದುರು ಮನೆಯಿಂದ ಹಾಜಿರಾಬೀ "ಬಚ್ಚಿ ಪುಕಾರ್ ರಹೀ, ಬಹರೀ ಹೋಗಯೀ ಕ್ಯಾ ಸಖುಬಾಯಿ?" ಎಂದು ಕೂಗಿದಳು. ಕಿವುಡಿಯೇ ಆಗಿದ್ದರೆ ಚೆನ್ನಾಗಿತ್ತು. ಪ್ರತಿ ಕರೆಯೂ ಕೇಳಿಸುತ್ತಿತ್ತು. ಒಂದು ದಿನ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅಳುತ್ತಿದ್ದಳು, ನಾನು ಕೇಳಿಯೂ ಕೇಳದವಳ ಹಾಗೆ ಬಂದೆ. ನನಗೂ ಅಳು ಬಂದಿತ್ತು.

ಶನಿವಾರ ಸಂಜೆ ಸೋನಾಲಿ ಗೇಟು ತೆರೆದಳು. ಅಂಗಳದಲ್ಲಿ ನಿಂತಿದ್ದ ಭಕ್ತಿ ತಪ್ಪು ಹೆಜ್ಜೆ ಹಾಕುತ್ತಾ ಓಡಿ ಹೋಗಿ ಕಾಲು ಹಿಡಿದು "ಆಯಿ" ಅಂದಳು. ಸೋನಾಲಿಯ ಬ್ಯಾಗು ಕೆಳಗೆ ಬಿತ್ತು, ಊಟದ ಡಬ್ಬಿ ಉರುಳಿ ನನ್ನ ಕಟ್ಟೆಯವರೆಗೆ ಬಂತು. ಆಕೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು, ನಕ್ಕಳು, ಇನ್ನೊಮ್ಮೆ ಅನ್ನಿಸಿದಳು. ಕಮಲನಗರಕ್ಕೆ ಫೋನು ಹೋಯಿತು. ಬ್ಯಾಗಿನಲ್ಲಿದ್ದ ಅರ್ಜಿ ನಾಲ್ಕು ಚೂರಾಯಿತು. ಅಶೋಕಕುಮಾರ ಪೇಢೆ ತಂದ. ಸಖುಬಾಯಿ ಒಂದು ಪೇಢೆ ತಿಂದು, ಸಿಹಿ ಹೆಚ್ಚಾಗಿದೆ ಅಂದಳು.

ಆಗ ಭಕ್ತಿ ತನ್ನ ಕೈಯಲ್ಲಿದ್ದ ಅರ್ಧ ಪೇಢೆ ಹಿಡಿದು ಅಜ್ಜಿಯ ಬಳಿ ಬಂದಳು. ಸೆರಗು ಜಗ್ಗಿ, "ನಾಲ್ಲಾ," ಅಂದಳು. "ನಾಲ್ಲಾ, ತೋ."

ಎಲ್ಲರೂ ನಕ್ಕರು. "ಇದ್ಯಾವ ಭಾಷಿ?" ಎಂದು ಸೋನಾಲಿ ಕೇಳಿದರೆ ಅಶೋಕಕುಮಾರ, "ತೆಲುಗ್ನ್ಯಾಗ ನಲ್ಲ ಅಂದ್ರ ಕರ್ರಗ. ನಮ್ಮವ್ವ ಕರ್ರಗದಾಳಂತ ಹೆಸರಿಟ್ಟಾಳ ನೋಡು" ಅಂದ. ಸಖುಬಾಯಿಯೂ ನಕ್ಕಳು. ನನಗೆ ನಗು ಬರಲಿಲ್ಲ. ಹನ್ನೆರಡು ದಿನ ಆಕೆ "ನಾ ಅಲ್ಲ, ನಾ ಅಲ್ಲ" ಅಂದದ್ದನ್ನು ಮಗು ಆಕೆಯ ಹೆಸರು ಎಂದು ತಿಳಿದಿತ್ತು. ಎದ್ದು ಮನೆಯೊಳಗೆ ಬಂದೆ.

ನಾನು ನಗದೆ ಎದ್ದು ಬಂದದ್ದನ್ನು ಸೋನಾಲಿ ನೋಡಿದ್ದಳು. ಮರುದಿನ ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಬಂದು ನನ್ನ ಎದುರು ಕೂತಳು. "ನಾಲ್ಲಾ ಅಂದ್ರೇನ್ರಿ ಬಾಯಾರ? ಅತ್ತಿಗಿ ಕೇಳಿದ್ರ ಗೊತ್ತಿಲ್ಲ ಅಂತಾರ. ನಿಮಗ ಗೊತ್ತದ."

ಕೊಟ್ಟ ಮಾತನ್ನು ಮುರಿದೆ. ಯಾರು ಮಾತಿಗೆ ನಿಲ್ಲುವುದಿಲ್ಲ ಎಂದು ಮುಖ ನೋಡಿ ಹೇಳುವವಳಿಗೆ ಕನ್ನಡಿ ನೋಡಿಕೊಳ್ಳುವ ಅಭ್ಯಾಸವಿರಲಿಲ್ಲ. ಮಂಗಳವಾರದಿಂದ ಶನಿವಾರದವರೆಗಿನ ಎಲ್ಲವನ್ನೂ ಹೇಳಿದೆ, ಬಚ್ಚಲಲ್ಲಿ ಅತ್ತದ್ದನ್ನೂ ಬಿಡಲಿಲ್ಲ.

ಸೋನಾಲಿಯ ಚಹಾ ಆರಿ ಕೆನೆ ಕಟ್ಟಿತು. "ಕೂಸು ಕರದ್ರ ತಿರುಗಿ ನೋಡ್ಲಿಲ್ಲೇನ್ರಿ?" ಅಂದಳು. ಇಲ್ಲ ಎಂದೆ. "ಹನ್ನೆರಡು ದಿನಾ?" ಹೌದು ಎಂದೆ. ಕಪ್ಪನ್ನು ಆಚೆ ಸರಿಸಿ, "ಹಂಗಾದ್ರ ನಿನ್ನಿ ಆಕಿ ಅಂದದ್ದು ನನಗಲ್ರಿ. ಅತ್ತಿ ಕಲ್ಸಿದ್ದು ಅಂದ್ಲು" ಎಂದಳು.

"ಯಾರರೆ ಕಲ್ಸಿದ್ದೇ ಎಲ್ಲಾರೂ ಮಾತಾಡೂದು," ಎಂದು ರೇಗಿದೆ. "ಹೊಟ್ಟ್ಯಾಗಿಂದ ಯಾರೂ ಕಲತು ಬರೂದಿಲ್ಲ. ನಿನ್ನ ಮಗಳಿಗಿ ನೀ ಯಾರಂತ ಹೇಳಿಕೊಟ್ಟಾಕಿ ಆಕಿ. ಅದನ್ನ ಮೊದಲ ತಿಳ್ಕೋ."

ಆಕೆ ಎದ್ದು ಹೋದಳು. ಆ ಇಡೀ ಭಾನುವಾರ ಹಿಂದಿನ ಮನೆಯಲ್ಲಿ ಅತ್ತೆ ಸೊಸೆ ಎಂದಿನ ಹಾಗೇ ಇದ್ದರು. ಅಡುಗೆ ಆಯಿತು, ಮಗುವಿಗೆ ಸ್ನಾನವಾಯಿತು, ಸಂಜೆ ಸಂತೆಗೂ ಹೋಗಿ ಬಂದರು. ನಾನು ಹೇಳಿದ್ದು ಗಾಳಿಗೆ ಹೋಯಿತು ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಸೋನಾಲಿ ಬ್ಯಾಗು ಹಾಕಿಕೊಂಡು ಗೇಟಿನ ಹತ್ತಿರ ಬಂದಳು. ದಿನಾ ಅಲ್ಲಿ ನಿಂತು "ಅತ್ತೀ, ಬರ್ತೇನ್ರಿ" ಅನ್ನುವುದು ರೂಢಿ. ಸಖುಬಾಯಿ ಒಗೆಯುವ ಕಲ್ಲಿನ ಹತ್ತಿರ ಬಗ್ಗಿದ್ದಳು, ಭಕ್ತಿ ಪಕ್ಕದಲ್ಲಿ ನೊರೆ ಬಡಿಯುತ್ತಿದ್ದಳು. ಕಮಲನಗರದ ಕಡೆ ಮರಾಠಿ ಮನೆಗಳಲ್ಲಿ ಸೊಸೆ ತನ್ನ ಅತ್ತೆಯನ್ನೂ ಆಯಿ ಎಂದೇ ಕರೆಯುವುದುಂಟು. ಇಷ್ಟು ವರ್ಷ ಸೋನಾಲಿ ಹಾಗೆ ಕರೆದಿರಲಿಲ್ಲ.

"ಆಯೀ," ಅಂದಳು.

ಸಖುಬಾಯಿ ತಿರುಗಲಿಲ್ಲ. ಭಕ್ತಿ ತಲೆ ಎತ್ತಿ ತಾಯಿಯನ್ನು ನೋಡಿದಳು.

"ಆಯೀ, ನಿಮಗೇ ಅಂದ್ನಿ. ನಾ ಬರ್ತೇನ್ರಿ."

ಸಖುಬಾಯಿ ನಿಧಾನವಾಗಿ ಎದ್ದು ನಿಂತಳು. ಮೊದಲು ನೋಡಿದ್ದು ನನ್ನನ್ನು. ಮಾತು ಮುರಿದವಳು ಯಾರೆಂದು ಗೊತ್ತಾಯಿತಲ್ಲ. ನಾನು ಕಣ್ಣು ತಪ್ಪಿಸಿದೆ. ಆಮೇಲೆ ಸೊಸೆಯನ್ನು ನೋಡಿದಳು. ಸಾಬೂನಿನ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಓ," ಅಂದಳು. ಓಣಿಯ ತುದಿಗೆ ಕೇಳುವಷ್ಟು ಜೋರಾಗಿ ಅಂದಳು. "ಓ ಯವ್ವಾ. ಲಗೂ ನಡಿ, ಭಾಲ್ಕಿ ಬಸ್ಸು ಹೋಗ್ತದ."