ಹಸಿ ಉಳಿದ ಬುಷ್

ಮೊನ್ನೆ ಮೊಮ್ಮಗಳು ಕಾಲೇಜಿನಿಂದ ಎರಡು ಲೋಹದ ಬಿಲ್ಲೆ ತಂದು ನನ್ನ ಅಂಗೈಮೇಲಿಟ್ಟಳು. ವಿಮಾನಕ್ಕೆ ಹಾಕುವ ಟೈಟಾನಿಯಂ ಅಂತೆ. ಪುಡಿಯನ್ನು ಅಚ್ಚಿಗೆ ತುಂಬಿ, ಒತ್ತಿ, ಬೇಯಿಸಿ ಮಾಡಿದ್ದು.

"ಒಂದೇ ಪುಡಿ, ಒಂದೇ ಅಚ್ಚು ಅಜ್ಜಿ. ಬೇಯಿಸಿದ್ದು ಮಾತ್ರ ಬೇರೆ ಬೇರೆ ಥರ. ಅದಕ್ಕೆ ಒಳಗಿನ ಕಣಾನೂ ಬೇರೆ, ಗಟ್ಟಿತನಾನೂ ಬೇರೆ" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಎಂಬತ್ತರ ದಶಕದಲ್ಲಿ ಈ ಒಂದು ಮಾತನ್ನು ಯಾರಾದರೂ ನಮ್ಮ ಜಗಲಿಯಲ್ಲಿ ನಿಂತು ಹೇಳಿದ್ದರೆ...

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಹೊನ್ನಾಳಿಯಲ್ಲಿ ಬುಷ್ ಮಾಡುವ ಶೆಡ್ ಇಟ್ಟಿದ್ದ. ಸತ್ತವರನ್ನು ಬಹುವಚನದಲ್ಲಿ ಕರೆಯಬೇಕಂತೆ; ನನ್ನ ಕೈಲಾಗದು. ತಿರುಗುವ ಶಾಫ್ಟಿಗೆ ತೊಡಿಸುವ ಬಳೆಯಂಥ ತುಂಡೇ ಬುಷ್. ತಾಮ್ರದ ಪುಡಿಗೆ ತವರದ ಪುಡಿ ಬೆರೆಸಿ ಒತ್ತಿ, ಭಟ್ಟಿಯಲ್ಲಿ ಬೇಯಿಸಿ, ಆಮೇಲೆ ಎಣ್ಣೆ ಕುಡಿಸಬೇಕು. ಒತ್ತುವ ಕೈಪ್ರೆಸ್ಸು ನನ್ನದು, ಭಟ್ಟಿ ಅವನದು. "ಈ ಅಕ್ಕನ ಒತ್ತು ಗಟ್ಟಿ" ಎಂದು ನಮ್ಮ ಬುಷ್ ಕೊಳ್ಳುವ ಅಕ್ಕಿಮಿಲ್ಲಿನವರು ಹೇಳುತ್ತಿದ್ದರು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಹೆಸರೊಂದೇ.

ನಮ್ಮಲ್ಲಿ ಭಾವನಾದವನು ತಮ್ಮನ ಹೆಂಡತಿಯೊಡನೆ ನೇರವಾಗಿ ಮಾತಾಡುವಂತಿಲ್ಲ. ಅವನು ಅತ್ತೆಗೆ ಹೇಳುತ್ತಿದ್ದ, ನಾನು ಸೆರಗು ಹೊದ್ದು ಅತ್ತೆಗೇ ಉತ್ತರಿಸುತ್ತಿದ್ದೆ. ಒಂದೇ ಶೆಡ್ಡಿನಲ್ಲಿ ಎದುರುಬದುರು ನಿಂತೂ ಹೀಗೆಯೇ.

ಒಂದು ವರ್ಷ ಆಯುಧ ಪೂಜೆಯ ಬೆಳಿಗ್ಗೆ ಸಾಸ್ವೆಹಳ್ಳಿ ಮಿಲ್ಲಿನ ಬುಷ್‌ಗಳು ಇನ್ನೂ ಭಟ್ಟಿಯಲ್ಲಿದ್ದವು. ಹಬ್ಬದ ದಿನ ಯಂತ್ರಗಳಿಗೆಲ್ಲ ವಿರಾಮ. ಭಟ್ಟಿಯೂ ಆರಿರಬೇಕು, ವಿಭೂತಿ ಹಚ್ಚಿಸಿಕೊಂಡು ಸುಮ್ಮನಿರಬೇಕು. ಭಾವ ಬೆಂಕಿ ಆರಿಸಲು ಹೊರಟ.

"ಅತ್ತೆ, ಇನ್ನೂ ಬೆಂದಿಲ್ಲ. ಈಗ ಆರಿಸಿದ್ರೆ ಹಸಿ ಉಳಿತಾವೆ ಅಂತ ಹೇಳ್ರಿ" ಎಂದೆ.

"ಅವ್ವಾ, ಹಬ್ಬದ ದಿನ ಭಟ್ಟಿ ಉರಿಸಾಕೆ ಆಗಲ್ಲ ಅಂತ ಅವಳಿಗೆ ಹೇಳು. ಹಬ್ಬ ಆದ್ಮೇಲೆ ಮತ್ತೆ ಬೇಯಿಸಿದ್ರಾತು" ಎಂದ.

ಬೇಯಿಸಲಿಲ್ಲ. ನೋಡಲು ಎಲ್ಲವೂ ಬೆಂದವುಗಳಂತೆಯೇ ಇದ್ದವಲ್ಲ, ಎಣ್ಣೆಗೆ ಅದ್ದಿ ಕಳಿಸಿಬಿಟ್ಟ. ಸುಗ್ಗಿಯಲ್ಲಿ ಮಿಲ್ಲಿನವರು ಬಂದು ಪುಡಿಪುಡಿಯಾದ ಬುಷ್‌ಗಳನ್ನು ಜಗಲಿಯ ಮೇಲೆ ಸುರಿದರು.

"ಮಿಲ್ಲು ನಿಂತೈತೆ. ಹಿಂಗೆ ಮಾಡೋದೇನ್ರಿ?"

ಭಾವ ಕಣ್ಣು ಮಿಟುಕಿಸಲಿಲ್ಲ. "ನಮ್ಮ ತಮ್ಮನ ಹೆಂಡ್ತಿ ಒತ್ತಿದ್ದು ನೋಡ್ರಿ. ಹೆಣ್ಮಕ್ಕಳ ಕೈಯಾಗೆ ಬಲ ಎಲ್ಲೈತೆ? ಇನ್ನು ಮೇಲೆ ಬೇರೆಯೋರನ್ನ ಇಡ್ತೀನಿ."

ಬಾಗಿಲ ಹಿಂದಿನಿಂದ ನಾನು, "ಅತ್ತೆ, ಭಟ್ಟಿ ಆರಿಸಿದ್ದು ಯಾರು ಅಂತ ಕೇಳ್ರಿ" ಎಂದೆ. ಅದುವರೆಗೆ ಉಪ್ಪು-ಹುಳಿಯ ಮಾತನ್ನೂ ಬಿಡದೆ ದಾಟಿಸಿದ್ದ ಅತ್ತೆ ಅದೊಂದನ್ನು ದಾಟಿಸಲಿಲ್ಲ. "ಸುಮ್ನೆ ಒಳಗೆ ನಡಿಯವ್ವ" ಎಂದರು. ನನ್ನ ಗಂಡ ನೆಲ ನೋಡುತ್ತ ಕೂತಿದ್ದರು.

ಅವತ್ತಿನಿಂದ ಪ್ರೆಸ್ಸು ನನ್ನ ಕೈತಪ್ಪಿತು. ಸಂತೆಗೆ ಹೋದರೆ, "ನೀನು ಒತ್ತಿದ್ದಕ್ಕೇ ಮಿಲ್ಲು ನಿಂತಿತಂತೆ?" ಎಂದು ಕೇಳುವವರು. ಅದೇ ಭಟ್ಟಿಯ ಒಂದು ಬುಷ್ ಪ್ರೆಸ್ಸಿನ ಕೆಳಗೆ ಉರುಳಿ ಉಳಿದಿತ್ತು. ಎತ್ತಿಟ್ಟುಕೊಂಡೆ. ಎಂದಾದರೊಂದು ದಿನ ಅವನ ಕಣ್ಣೆದುರೇ ಒಡೆದು, ಅವನ ಮುಖಕ್ಕೇ ಹೇಳಬೇಕು ಅಂತ. ಅತ್ತೆ ಹೋದರು, ನನ್ನ ಗಂಡನೂ ಹೋದರು, ಶೆಡ್ಡು ಮುಚ್ಚಿತು. ಭಾವ ಎದುರಿಗೆ ಸಿಕ್ಕಾಗಲೆಲ್ಲ ಸೆರಗು ತಾನಾಗಿ ತಲೆಗೇರುತ್ತಿತ್ತು, ಬಾಯಿ ಕಟ್ಟಿಹೋಗುತ್ತಿತ್ತು... ಹೋದ ಶ್ರಾವಣದಲ್ಲಿ ಭಾವನೂ ಸತ್ತ. ನನ್ನ ಕಣ್ಣಲ್ಲಿ ನೀರು ಬರಲಿಲ್ಲ.

ಮೊಮ್ಮಗಳು ಹೋದ ಮೇಲೆ ಆ ಬುಷ್ ತೆಗೆದು ಒರಳುಕಲ್ಲಿನ ಮೇಲಿಟ್ಟು ಕುಟ್ಟಿದೆ. ಮೇಲಿನ ಸಿಪ್ಪೆ ಬಿಟ್ಟರೆ ಒಳಗೆಲ್ಲ ಬೇಯದ ಪುಡಿ. ಅಂಗೈಯಲ್ಲಿ ಹಿಡಿದು ನಡುಮನೆಯಲ್ಲಿ ತೂಗುಹಾಕಿದ ಅವನ ಫೋಟೋದ ಮುಂದೆ ನಿಂತೆ. ಸೆರಗು ಹೊದೆಯಲಿಲ್ಲ.

"ನೋಡ್ರಿ ಭಾವ, ನನ್ನ ಒತ್ತು ಗಟ್ಟಿನೇ ಇತ್ತು. ನಿಮ್ಮ ಬೆಂಕಿ ಸಾಲಲಿಲ್ಲ."

ಅವನೊಡನೆ ನಾನು ನೇರವಾಗಿ ಆಡಿದ ಮೊದಲ ಮಾತು ಅದು. ಅವನು ಸತ್ತದ್ದಕ್ಕೆ ನನಗೆ ದುಃಖವಾದದ್ದೂ ಆಗಲೇ. ಕೇಳಿಸಿಕೊಳ್ಳದೆ ಹೋಗಿಬಿಟ್ಟನಲ್ಲ.