ಅತ್ತಿಗೆಯ ಕೋಣೆಗೆ ಆರಿಸಿದ ನೆಲ

ತಾಕ್ ಮಾನ್‌ಬೊಕ್ ಯಾರ ಮನೆಗೆ ಹೋದರೂ ಕೂರುವ ಮೊದಲು ಅಂಗೈಯನ್ನು ನೆಲಕ್ಕೆ ಒತ್ತುತ್ತಾರೆ. ಸಿಮೆಂಟಿನ ಕೆಳಗೆ ಬಿಸಿನೀರಿನ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗಿದೆ, ಎರಡು ಕೊಳವೆಗಳ ನಡುವೆ ಎಷ್ಟು ಅಂತರವಿದೆ, ಹಾಕಿದವನು ಊಟದ ಹೊತ್ತಿಗೆ ಅವಸರ ಮಾಡಿದ್ದನೇ ಎಂಬುದನ್ನೆಲ್ಲ ಅವರ ಅಂಗೈ ಹೇಳುತ್ತದೆ ಎಂದು ಇಂಜೆ ಪೇಟೆಯ ಜನ ನಂಬಿದ್ದಾರೆ. ಮೂವತ್ತೆಂಟು ವರ್ಷಗಳಿಂದ ಆ ಪೇಟೆಯಲ್ಲೂ ಸುತ್ತಲಿನ ಕಣಿವೆಗಳಲ್ಲೂ ಅವರು ಮನೆಗಳ ನೆಲದಡಿ ಬಿಸಿನೀರಿನ ಕೊಳವೆ ಹಾಕಿ ನೆಲ ಕಾಯಿಸುವ ಕೆಲಸ ಮಾಡಿದ್ದಾರೆ. ಚಳಿಗಾಲದಲ್ಲಿ ಹೊಳೆ ಹೆಪ್ಪುಗಟ್ಟಿ ಅದರ ಮೇಲೆ ಟ್ರ್ಯಾಕ್ಟರ್ ಓಡುವ ಊರಿನಲ್ಲಿ ಇದು ಸಣ್ಣ ಹೆಸರಲ್ಲ. ಹೊಸ ಮನೆಯ ನೆಲ ಮೊದಲ ಬಾರಿ ಬೆಚ್ಚಗಾದ ದಿನ ಮನೆಯವರು ಅವರನ್ನು ಕರೆದು, ಕೋಣೆಯಲ್ಲಿ ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲಿ ಕೂರಿಸಿ ಊಟ ಹಾಕುತ್ತಾರೆ.

ಅವರಿಗೆ ಈಗ ಅರವತ್ತಮೂರು. ಕಳೆದ ಚಳಿಗಾಲದ ಸಂಗತಿಯನ್ನು ಅವರು ಎರಡು ಸಲ ಅರ್ಧಕ್ಕೆ ನಿಲ್ಲಿಸಿ ಮೂರನೆಯ ಸಲ ಪೂರ್ತಿ ಹೇಳಿದರು. ಹೇಳುವಷ್ಟು ಹೊತ್ತೂ ಎದುರಿಗಿದ್ದವರ ಮುಖ ನೋಡಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಅತ್ತಿಗೆ ಗಾಪ್‌ಸುನ್ ಹೇಳಿಕಳಿಸಿದರು. ಅವರಿಗೆ ಎಪ್ಪತ್ತಾರು; ಅಣ್ಣ ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಬ್ಬರೇ. ಒಳಕೋಣೆಯ ನೆಲದಲ್ಲಿ ಎಲ್ಲೋ ಕೊಳವೆ ಸೋರುತ್ತಿತ್ತು. ಬಾಯ್ಲರ್‌ಗೆ ದಿನಾ ನೀರು ತುಂಬಿದರೂ ಕೋಣೆಯ ಅರ್ಧ ತಣ್ಣಗೇ ಇರುತ್ತಿತ್ತು. ಇಪ್ಪತ್ತೇಳು ವರ್ಷಗಳ ಹಿಂದೆ ಆ ಕೊಳವೆ ಹಾಕಿದ್ದು ಮಾನ್‌ಬೊಕ್ ಅವರೇ. ಅದಕ್ಕೂ ಮೊದಲು ಅಲ್ಲಿದ್ದದ್ದು ಹಳೆಯ ಕಾಲದ ಕಲ್ಲುನೆಲ; ಅಡುಗೆಮನೆಯ ಒಲೆಯ ಹೊಗೆ ಕಲ್ಲಿನ ಅಡಿಯಲ್ಲಿ ಹಾದು ಕೋಣೆಯನ್ನು ಕಾಯಿಸುತ್ತಿತ್ತು.

ಮಾನ್‌ಬೊಕ್ ಬೆಳೆದದ್ದು ಅದೇ ಕೋಣೆಯಲ್ಲಿ. ತಾಯಿ ತೀರಿಕೊಂಡಾಗ ಅವರಿಗೆ ಏಳು ವರ್ಷ. ಮರುವರ್ಷ ಅಣ್ಣನ ಮದುವೆಯಾಗಿ ಇಪ್ಪತ್ತೊಂದರ ಗಾಪ್‌ಸುನ್ ಮನೆಗೆ ಬಂದರು. ಶಾಲೆ ಆರು ಕಿಲೋಮೀಟರ್ ದೂರ. ಹುಡುಗ ಹಿಮದಲ್ಲಿ ನಡೆದು ಬರುವ ಹೊತ್ತಿಗೆ ಅನ್ನ ಆರಬಾರದೆಂದು ಅತ್ತಿಗೆ ಮುಚ್ಚಳದ ಹಿತ್ತಾಳೆ ಬಟ್ಟಲನ್ನು ಒಲೆಯ ಕಡೆಯ ಮೂಲೆಯಲ್ಲಿ, ನೆಲದ ಮೇಲೆ ಹಾಸಿದ ಕೌದಿಯ ಅಡಿಯಲ್ಲಿ ಇಟ್ಟಿರುತ್ತಿದ್ದರು. ಮೊದಲು ಕೌದಿಯೊಳಗೆ ಕಾಲು ತೂರಿಸಬೇಕು, ಬೆರಳುಗಳಿಗೆ ಜೀವ ಬಂದ ಮೇಲೆ ಬಟ್ಟಲು ಎಳೆದುಕೊಳ್ಳಬೇಕು. ಆ ಮೂಲೆಯಲ್ಲಿ ಚಳಿಗಾಲ ಪೂರ್ತಿ ಒಂದು ಕೌದಿ ಹಾಸಿಯೇ ಇರುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಅತ್ತಿಗೆ ಕರೆಸಿದ ದಿನ ಮಾನ್‌ಬೊಕ್ ನೆಲ ಮುಟ್ಟಿ ನೋಡಿ, ಗೋಡೆಗೆ ಒರಗಿ ನಿಂತೇ ಮಾತಾಡಿದರು.

"ಮೂರು ದಾರಿ ಇದೆ ಅತ್ತಿಗೆ. ನೆಲ ಒಡೆದು ಹೊಸ ಕೊಳವೆ ಹಾಕಿ ಮೇಲೆ ಗಾರೆ ಸುರಿಯೋದು ಒಂದು. ಮೂರು ವಾರ ಬೇಕು, ನೀವು ಮನೇಲಿ ಇರೋ ಹಾಗಿಲ್ಲ. ಇರೋ ನೆಲದ ಮೇಲೇ ತೋಡು ಕೊರೆದಿರೋ ಹಲಗೆ ಜೋಡಿಸಿ ಅದರೊಳಗೆ ಕೊಳವೆ ಕೂರಿಸೋದು ಇನ್ನೊಂದು. ಆದ್ರೆ ನೆಲ ಮೂರು ಬೆರಳು ಎತ್ತರ ಆಗುತ್ತೆ, ಬಾಗಿಲು ಕುಯ್ಯಬೇಕು. ಇಲ್ಲಾಂದ್ರೆ ಕರೆಂಟಿನ ಹಾಳೆ. ಕಾಗದದ ಥರ ತೆಳ್ಳಗಿರುತ್ತೆ, ಹಾಸಿ ವೈರ್ ಕೊಟ್ರೆ ಆಯ್ತು. ಎರಡೇ ದಿನ."

"ಕರೆಂಟಿನ ಮೇಲೆ ಮಲಗೋದಾ? ನನ್ನನ್ನ ಒಣಮೀನಿನ ಥರ ಸುಡ್ಬೇಕು ಅಂತಿದೀಯೇನೋ?"

"ಪೇಟೇಲಿ ಎಲ್ರೂ ಹಾಕಿಸ್ಕೊಳ್ತಿದಾರೆ."

"ಪೇಟೆಯವರು ಮಂಚದ ಮೇಲೆ ಮಲಗ್ತಾರೆ. ಹೋಗ್ಲಿ, ನೀನು ಹೇಳು ಮೈದುನ. ನಿನ್ನ ಮನೆ ಆಗಿದ್ರೆ ಯಾವುದು ಹಾಕ್ತಿದ್ದೆ?"

"ಹಾಳೆನೇ ಹಾಕ್ತಿದ್ದೆ."

ಅದು ಸುಳ್ಳು. ಅವರ ಮನೆಯಲ್ಲಿರುವುದು ಗಾರೆಯೊಳಗಿನ ಕೊಳವೆ. ಅದನ್ನು ಹಾಕಿದಂದಿನಿಂದ ಬೇರೆ ಯಾವುದರ ಮೇಲೂ ಅವರು ಒಂದು ದಿನವೂ ಮಲಗಿದವರಲ್ಲ. ಗಾರೆ ಒಣಗುವ ತನಕ ನಮ್ಮ ಮನೆಗೆ ಬಂದಿರಿ ಎಂಬ ಮಾತು ಕೂಡ ಅಂದು ಅವರ ಬಾಯಿಂದ ಬರಲಿಲ್ಲ.

ನಿಜವಾದ ಕಾರಣ ಮಂಡಿ. ಕೊಳವೆ ಕಟ್ಟುವವನು ದಿನವಿಡೀ ಕುಕ್ಕರಗಾಲಿನಲ್ಲಿ ಕೂತು ಹಿಂದೆ ಹಿಂದೆ ಸರಿಯುತ್ತಾ ಹೋಗಬೇಕು. ವಸಂತದಿಂದ ಅವರ ಬಲ ಮಂಡಿ ಅರ್ಧದ ಮೇಲೆ ಮಡಚುತ್ತಿರಲಿಲ್ಲ. ಹೆಂಡತಿಯನ್ನು ಬಿಟ್ಟರೆ ಯಾರಿಗೂ ಅದು ತಿಳಿದಿರಲಿಲ್ಲ. ನೆಲದ ಕೆಲಸದವನಿಗೆ ಮಂಡಿ ಹೋಯಿತು ಎಂದು ಒಂದು ಮನೆಗೆ ಗೊತ್ತಾದರೆ ಸಾಕು, ಮರುದಿನ ಸಂತೆಗೆಲ್ಲ ಗೊತ್ತಾಗುತ್ತದೆ. ಅದೂ ಅಲ್ಲದೆ, ಪೇಟೆಯ ಇನ್ನೊಬ್ಬ ಕೆಲಸಗಾರ ಪ್ಯೊ ಜೊಂಗ್‌ದಾಲ್ ಗಿಡ್ಡ ಮಣೆಯ ಮೇಲೆ ಕೂತು ಕೊಳವೆ ಕಟ್ಟುವುದನ್ನು ಕಂಡು, "ಅಜ್ಜಿ ಸೊಪ್ಪು ಸೋಸೋಕೆ ಕೂತ ಹಾಗೆ ಕೂರ್ತಾನೆ" ಎಂದು ವರ್ಷಗಟ್ಟಲೆ ನಗಾಡಿದವರು ಇವರೇ. ಹಾಳೆಯನ್ನಾದರೆ ಬಗ್ಗಿ ಉರುಳಿಸಿದರೆ ಸಾಕು.

ಅಂತೂ ಹಾಳೆಯೇ ಬಂತು. ಎರಡು ದಿನ ಎಂದದ್ದು ಒಂದೂವರೆ ದಿನದಲ್ಲಿ ಮುಗಿಯಿತು. ನೆಲದ ಬಿಸಿ ಅಳೆದು ಕರೆಂಟನ್ನು ಹಿಡಿತದಲ್ಲಿಡುವ, ಅಂಗಿಯ ಗುಂಡಿಯಂಥ ಚಿಕ್ಕ ಸಾಧನವೊಂದಿದೆ; ಕೆಲಸಗಾರರು ಅದನ್ನು ಗುಂಡಿ ಎಂದೇ ಕರೆಯುತ್ತಾರೆ. ಅದನ್ನು ಹೂಳಬೇಕಾದದ್ದು ಮನುಷ್ಯರು ಮಲಗುವ ಜಾಗದಲ್ಲಿ. ಮಾನ್‌ಬೊಕ್ ಅದನ್ನು ಬಾಗಿಲ ಬಳಿ ಹೂಳಿದರು. ಅಲ್ಲಿ ಸ್ವಿಚ್ಚು ಹತ್ತಿರ, ಮಂಡಿಯೂರುವ ಕೆಲಸ ಕಡಿಮೆ. ಬಾಗಿಲ ಬಳಿ ಸದಾ ತಂಪು. ಅಲ್ಲಿ ಕೂತ ಗುಂಡಿಗೆ ಕೋಣೆಯ ಆ ತುದಿಯಲ್ಲಿ, ಕೌದಿಯ ಅಡಿಯಲ್ಲಿ ಬಿಸಿ ಎಷ್ಟು ಏರುತ್ತಿದೆ ಎಂದು ಗೊತ್ತಾಗುವಂತಿರಲಿಲ್ಲ.

ಆಮೇಲೆ ಹೊಸ ವರ್ಷದ ತನಕ ಅವರು ಅತ್ತಿಗೆಯ ಮನೆಯ ಕಡೆ ಹೋಗಲಿಲ್ಲ. ಕೆಲಸ ಜಾಸ್ತಿ ಎಂದು ಫೋನಿನಲ್ಲಿ ಹೇಳಿದರು.

ಚಾಂದ್ರಮಾನದ ಹೊಸ ವರ್ಷದ ಬೆಳಿಗ್ಗೆ ಹಿರಿಯರಿಗೆ ಅಡ್ಡಬೀಳುವುದು ತಪ್ಪಿಸಿಕೊಳ್ಳುವಂಥದ್ದಲ್ಲ. ಅತ್ತಿಗೆ ಒಳಕೋಣೆಯಲ್ಲಿ ದಪ್ಪ ಚಾಪೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಚಿಕ್ಕ ಸೀಮೆಎಣ್ಣೆ ಸ್ಟೌ ಉರಿಯುತ್ತಿತ್ತು. ಕೋಣೆ ಬೆಚ್ಚಗಿತ್ತು. ಮಾನ್‌ಬೊಕ್ ಹಲ್ಲು ಕಚ್ಚಿ ಎಡ ಮಂಡಿ ಊರಿ, ಬಲಗಾಲನ್ನು ಓರೆಯಾಗಿ ಚಾಚಿ, ಎರಡೂ ಅಂಗೈಗಳನ್ನು ಚಾಪೆಯ ಆಚೆ ನೆಲಕ್ಕೆ ಊರಿದರು. ನೆಲ ಬಾವಿಕಟ್ಟೆಯ ಕಲ್ಲಿನ ಹಾಗೆ ಕೊರೆಯುತ್ತಿತ್ತು.

ತಗ್ಗಿಸಿದ ತಲೆಯನ್ನು ಅವರು ಎತ್ತಲಿಲ್ಲ.

"ಸಾಕು ಏಳೋ. ಅಷ್ಟು ಹೊತ್ತು ಅಡ್ಡಬೀಳೋಕೆ ನಾನೇನು ಸತ್ತಿದೀನಾ?" ಎಂದರು ಅತ್ತಿಗೆ.

"ನೆಲ ಯಾಕೆ ಆರಿಸಿದೀರಿ?"

"ಉಸಿರು ಕಟ್ಟಿದ ಹಾಗಾಗುತ್ತೆ. ಅದಕ್ಕೇ."

ಮಾನ್‌ಬೊಕ್ ಚಾಪೆಯ ಅಂಚು ಹಿಡಿದರು. ಅತ್ತಿಗೆ ಅದರ ಮೇಲಿಂದ ಏಳಲಿಲ್ಲ. "ಬಿಡು ಅಂದೆನಲ್ಲ" ಎಂದರು. ಅವರು ಬಿಡಲಿಲ್ಲ. ಕೊನೆಗೆ ಅತ್ತಿಗೆ ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. ಚಾಪೆಯ ಅಡಿಯಲ್ಲಿ, ಹಿಂದೆ ಅನ್ನದ ಬಟ್ಟಲು ಇರುತ್ತಿದ್ದ ಮೂಲೆಯಲ್ಲಿ, ಹಳದಿ ನೆಲಹಾಸು ಬುಟ್ಟಿಯಗಲಕ್ಕೆ ಕಂದು ಬಣ್ಣಕ್ಕೆ ತಿರುಗಿ ನಡುವೆ ಕರಿದಾಗಿ ಉಬ್ಬಿತ್ತು.

ಡಿಸೆಂಬರ್ ಕೊನೆಯಲ್ಲಿ ಅತ್ತಿಗೆ ಪ್ರತಿವರ್ಷದ ಹಾಗೆ ಸೋಯಾ ಕಾಳು ಬೇಯಿಸಿ, ನಡುವೆ ಭತ್ತದ ಹುಲ್ಲು ಸಿಕ್ಕಿಸಿ, ಬುಟ್ಟಿಯನ್ನು ಆ ಮೂಲೆಯಲ್ಲಿಟ್ಟು ಎರಡು ಕೌದಿ ಹೊದಿಸಿದ್ದರು. ಮೂರು ದಿನ ಬೆಚ್ಚಗಿದ್ದರೆ ಕಾಳು ಹುದುಗಿ ನೂಲು ಬಿಡುತ್ತದೆ, ಚಳಿಗಾಲದ ಸಾರಿಗೆ ಅದೇ ಆಧಾರ. ಎರಡನೆಯ ದಿನ ಮಧ್ಯಾಹ್ನವೇ ಸುಟ್ಟ ವಾಸನೆ ಬಂತು. ಬುಟ್ಟಿಯ ತಳ ಹೊತ್ತಿತ್ತು. ಅತ್ತಿಗೆ ಸ್ವಿಚ್ಚು ಆರಿಸಿ, ಕಾಳನ್ನು ಹಿತ್ತಲಲ್ಲಿ ಹೂತು, ಅಡುಗೆಮನೆಯ ಪಕ್ಕದ ಸಾಮಾನಿನ ಕೋಣೆಯಲ್ಲಿ ಹಾಸಿಗೆ ಹಾಸಿಕೊಂಡರು. ನಲವತ್ತು ದಿನ ಅಲ್ಲೇ ಮಲಗಿದರು. ನೆರೆಮನೆಯ ಹೆಂಗಸರು ಹರಟೆಗೆ ಬಂದರೆ ಅಂಗಳದಲ್ಲೇ ಮಾತಾಡಿಸಿ ಕಳಿಸಿದರು.

"ಯಾರ ಹತ್ರಾನೂ ಹೇಳ್ಬೇಡ. ನಿನ್ನ ಯಾರೂ ಕೆಲಸಕ್ಕೆ ಕರೆಯಲ್ಲ ಆಮೇಲೆ" ಎಂದರು ಕಿಟಕಿಯ ಕಡೆಯಿಂದಲೇ.

ನೆಲ ಒಡೆದು ಕೊಳವೆ ಹಾಕುವುದೆಂದು ಅಂದೇ ತೀರ್ಮಾನವಾಯಿತು. ಆದರೆ ಹಾಕುವವರು ಯಾರು? ಇಂಜೆಯಲ್ಲಿ ಆ ಕೆಲಸ ಬಲ್ಲ ಇನ್ನೊಬ್ಬ ಮನುಷ್ಯ ಜೊಂಗ್‌ದಾಲ್ ಮಾತ್ರ. ಮಾನ್‌ಬೊಕ್ ಅವರಿಗಿಂತ ಒಂಬತ್ತು ವರ್ಷ ಚಿಕ್ಕವರು, ಇವರನ್ನು ಅಣ್ಣ ಎನ್ನುವವರು. ಕೆಲಸದ ಒತ್ತಡ, ನೀನೇ ಮಾಡಿಕೊಡು ಎಂದು ಮಾನ್‌ಬೊಕ್ ಕೇಳಿದರು. ಜೊಂಗ್‌ದಾಲ್ ಮರುವಾರವೇ ನೆಲ ಒಡೆಯುವ ಯಂತ್ರ ಹೊತ್ತು ಬಂದರು. ಗಿಡ್ಡ ಮಣೆಯೂ ಬಂತು.

ನೆಲಹಾಸು ಎತ್ತಿದ ಕೂಡಲೇ ಅವರು ಜೋರಾಗಿ ನಕ್ಕರು.

"ಅಮ್ಮಾ, ಯಾವ ಮಹಾನುಭಾವ ಇದನ್ನ ಹಾಕಿದ್ದು?"

"ಚುಂಚನ್ ಪಟ್ಟಣದ ಕಡೆಯವನು ಯಾವನೋ ಬಂದಿದ್ದಪ್ಪ. ಹೆಸರು ಮರ್ತೋಯ್ತು" ಎಂದರು ಗಾಪ್‌ಸುನ್, ಒಂದು ಕ್ಷಣವೂ ತಡೆಯದೆ.

"ಮನೆಯವರು ಎಲ್ಲಿ ಮಲಗ್ತಾರೆ ಅಂತ ಕೂಡ ಕೇಳಿಲ್ಲ ನೋಡಿ. ಗುಂಡಿ ತಗೊಂಡು ಬಾಗಿಲ ಹತ್ರ ಹೂತಿದಾನೆ! ಬಾಗಿಲಲ್ಲಿ ಯಾರು ಮಲಗ್ತಾರೆ, ನಾಯಿನಾ? ಕೈಗೆ ಸಿಕ್ಕಿದ್ರೆ ಅವನನ್ನೇ ಇದರ ಮೇಲೆ ಮಲಗಿಸಿ ನಾಲ್ಕು ಕೌದಿ ಹೊದಿಸ್ತಿದ್ದೆ. ಅಲ್ವಾ ಅಣ್ಣಾ?"

"ಹೂಂ" ಎಂದರು ಮಾನ್‌ಬೊಕ್.

ಆ ಒಂದು ಅಕ್ಷರ ಹೇಗೆ ಬಂತೋ ತಮಗೆ ತಿಳಿಯದು ಎನ್ನುತ್ತಾರೆ ಅವರು. ಮಧ್ಯಾಹ್ನದ ಹೊತ್ತಿಗೆ ನೆಲ ಒಡೆದಾಗಿತ್ತು; ಊಟಕ್ಕೆ ಆಲೂಗಡ್ಡೆ ಹಾಕಿದ ಸಾರು, ಕೋಸು ಹುಳಿಸಿದ ಕಿಮ್ಚಿ, ಸುಟ್ಟ ಮೀನು. ಜೊಂಗ್‌ದಾಲ್ ಮೀನಿನ ನಡುಭಾಗ ಬಿಡಿಸಿ, "ಹಿರಿಯರು ತಗೊಳ್ಳಿ" ಎಂದು ಮಾನ್‌ಬೊಕ್ ಅವರ ಅನ್ನದ ಮೇಲಿಟ್ಟರು. ಚುಂಚನ್‌ನವನ ಬಗ್ಗೆ ಇನ್ನೆರಡು ತಮಾಷೆ ಮಾಡಿದರು. ಅತ್ತಿಗೆಯೂ ನಕ್ಕರು, ನಗುತ್ತಾ ಮೈದುನನ ಕಡೆ ಒಮ್ಮೆಯೂ ನೋಡಲಿಲ್ಲ. ಮಾನ್‌ಬೊಕ್ ಮೀನನ್ನು ತಿಂದು ಮುಗಿಸಿದರು.

ಊಟದ ಮೇಲೆ ಜೊಂಗ್‌ದಾಲ್ ಕೊಳವೆಯ ಸುರುಳಿ ಬಿಚ್ಚಿ ಮಣೆಯ ಮೇಲೆ ಕೂತರು.

"ಅಣ್ಣಾ, ಅಂತರ ಎಷ್ಟು ಇಡ್ಲಿ? ನೀವು ಹೇಳಿ. ನೀವಿರುವಾಗ ನಾನು ಲೆಕ್ಕ ಹಾಕೋದು ಚೆನ್ನಾಗಿರಲ್ಲ."

"ನನ್ನ ಕೇಳ್ಬೇಡ ಜೊಂಗ್‌ದಾಲ್. ಆ ಹಾಳೆ ಹಾಕಿದ್ದು ನಾನು."

ಜೊಂಗ್‌ದಾಲ್ ಮೊದಲು ತಮಾಷೆಯೆಂದುಕೊಂಡು ಬಾಯಿ ತೆರೆದರು. ಆಮೇಲೆ ಕಿವಿಯವರೆಗೆ ಕೆಂಪಾಗಿ, ಕೈಯಲ್ಲಿದ್ದ ಕೊಳವೆಯನ್ನೇ ನೋಡುತ್ತಾ, "ಅಯ್ಯೋ ಅಣ್ಣಾ, ನಾನು ಏನೇನೋ ಅಂದ್ಬಿಟ್ಟೆ" ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಬೈದವರು ಅತ್ತಿಗೆ. ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದರು.

"ಈ ವಯಸ್ಸಲ್ಲಿ ನಿನಗೋಸ್ಕರ ಸುಳ್ಳು ಹೇಳಿದೀನಿ ಕಣೋ. ಗಾರೆ ಒಣಗೋ ತನಕನಾದ್ರೂ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ?"

"ಆಗ್ಲಿಲ್ಲ ಅತ್ತಿಗೆ."

"ಬಾಗಿಲ ಹತ್ರ ಯಾಕೆ ಹೂತೆ? ಆ ಮೂಲೇಲಿ ಕೌದಿ ಇರುತ್ತೆ ಅಂತ ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಮಂಡಿ ಹೋಗಿದೆ. ಕೂರೋಕಾಗಲ್ಲ. ಕೊಳವೆ ಕಟ್ಟೋಕಾಗಲ್ಲ ಅಂತಾನೇ ಹಾಳೆ ಒಳ್ಳೇದು ಅಂದೆ."

ಗಾಪ್‌ಸುನ್ ಅವರ ಕಾಲನ್ನು ನೋಡಿದರು.

"ಕಾಳು ಸುಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ" ಎಂದರು. ದನಿ ಇಳಿದಿತ್ತು. "ನಿನ್ನ ಮನೆಗೂ ಇದನ್ನೇ ಹಾಕ್ತಿದ್ದೆ ಅಂದೆಯಲ್ಲ, ಅದನ್ನ ನಂಬಿದ್ದೆ. ಹಾಗಾಗಿ ತಪ್ಪು ನನ್ನದೇ ಅಂದ್ಕೊಂಡೆ. ವಯಸ್ಸಾಯ್ತು, ಹೊಸ ಸಾಮಾನು ಬಳಸೋಕೆ ಬರಲ್ಲ, ಕೌದಿ ಹಾಸಬಾರದಿತ್ತು, ಕಾಳು ಇಡಬಾರದಿತ್ತು ಅಂತ. ನಲವತ್ತು ದಿನ ನನಗೇ ನಾನು ಬೈಕೊಂಡೆ ಕಣೋ."

ಜನರ ಎದುರು ಒಪ್ಪಿಕೊಂಡದ್ದಕ್ಕಿಂತ, ತಾವು ಹೇಳಿದ ಸುಳ್ಳಿನ ಭಾರವನ್ನು ಅತ್ತಿಗೆ ಮುಪ್ಪಿನಿಂದಾದ ತಮ್ಮದೇ ತಪ್ಪೆಂದು ಹೊತ್ತುಕೊಂಡದ್ದು ಮಾನ್‌ಬೊಕ್ ಅವರನ್ನು ಹೆಚ್ಚು ಕುಗ್ಗಿಸಿತು.

ಅಂತರವನ್ನು ಕೊನೆಗೆ ಹೇಳಿದವರು ಗಾಪ್‌ಸುನ್. ಕೋಣೆಗೆಲ್ಲ ಒಂದು ಗೇಣಿನಷ್ಟು ಬಿಡಿ, ಮೂಲೆಯಲ್ಲಿ ಮಾತ್ರ ಅದರ ಅರ್ಧಕ್ಕೆ ಒತ್ತಾಗಿ ಕಟ್ಟಿ, ಬಿಸಿನೀರು ಮೊದಲು ಅಲ್ಲಿಗೇ ಬರಲಿ ಎಂದರು. ಎಪ್ಪತ್ತಾರು ವರ್ಷ ನೆಲದ ಮೇಲೆ ಬದುಕಿದವರ ಲೆಕ್ಕ ಅದು. ಜೊಂಗ್‌ದಾಲ್ ಹಾಗೆಯೇ ಕಟ್ಟಿದರು. ಗಾರೆ ಒಣಗುವ ಮೂರು ವಾರ ಅತ್ತಿಗೆ ಮೈದುನನ ಮನೆಯಲ್ಲಿದ್ದರು.

ಆ ಚಳಿಗಾಲದಲ್ಲಿ ಮಾನ್‌ಬೊಕ್ ಹಾಳೆ ಹಾಕಿದ್ದು ಅತ್ತಿಗೆಯ ಕೋಣೆಗೆ ಮಾತ್ರವಲ್ಲ. ಅದೇ ಮಾತು ಹೇಳಿ, ಅದೇ ಕಾರಣಕ್ಕೆ, ಇನ್ನೂ ಮೂರು ಮನೆಗಳಿಗೆ ಹಾಕಿದ್ದರು. ಗುಂಡಿ ಮೂರರಲ್ಲೂ ಬಾಗಿಲ ಬಳಿ. ಇದನ್ನು ಅತ್ತಿಗೆ ಕೇಳಲಿಲ್ಲ, ಜೊಂಗ್‌ದಾಲ್ ಊಹಿಸಲಿಲ್ಲ.

ತಪ್ಪು ಒಪ್ಪಿಕೊಂಡ ಮರುದಿನ ಬೆಳಿಗ್ಗೆಯೇ ಮಾನ್‌ಬೊಕ್ ಆ ಮೂರರಲ್ಲಿ ಮೊದಲನೆಯ ಮನೆಗೆ ಹೋದರು. ಮೆಂಗ್ ಎಂಬ ನಿವೃತ್ತ ಅಂಚೆಯವರ ಮನೆ. ಎಂಬತ್ತು ದಾಟಿದ ಒಂಟಿ ಮನುಷ್ಯ. ಬಾಗಿಲು ತೆರೆದ ಕೂಡಲೇ ಮುದುಕರು ಗೆಲುವಾಗಿ ಪಕ್ಕಕ್ಕೆ ಸರಿದು, ತಾವು ಕೂತಿದ್ದ ಜಾಗವನ್ನೇ ತಟ್ಟಿ ತೋರಿಸಿದರು.

"ಬಾ ಬಾ, ಬೆಚ್ಚಗಿರೋ ಕಡೆ ಕೂತ್ಕೋ. ನೀನೇ ಕಾಯಿಸಿದ ನೆಲ!"

"ನಿಂತೇ ಹೇಳ್ತೀನಿ ಯಜಮಾನ್ರೇ. ಮೊದಲು ಸ್ವಿಚ್ಚು ಆರಿಸ್ತೀನಿ. ಈ ಹಾಳೆ ನಿಮ್ಮ ಕೋಣೆಗೆ ಸರಿ ಅಂದಿದ್ನಲ್ಲ, ಅದು ನಿಮ್ಮ ಕೋಣೆ ನೋಡಿ ಹೇಳಿದ್ದಲ್ಲ."

"ಮತ್ತೆ ಏನು ನೋಡಿ ಹೇಳಿದೆ?"

ಮಾನ್‌ಬೊಕ್ ಬಾಗಿಲ ಬಳಿಯ ತಂಪು ನೆಲದ ಮೇಲೆ ನಿಂತು ಪ್ಯಾಂಟಿನ ಕಾಲನ್ನು ಮಂಡಿಯ ಮೇಲಕ್ಕೆ ಮಡಚಿದರು.