ಸೋಲಾಪುರ ಚಾದರದೊಳಗಿನ ಹಿಮದ ಹಲಗೆ

ಶುಕ್ರವಾರ ಬೆಳಿಗ್ಗೆ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಮೂವರು ಕೆಳಗಿಳಿದೆವು: ನಾನು, ನಮ್ಮ ಮನೆಯವರು, ಮತ್ತು ಸೋಲಾಪುರ ಚಾದರ ಹೊದ್ದ ಒಂದು ಹಲಗೆ. ಹಲಗೆ ನನಗಿಂತ ನಾಲ್ಕು ಬೆರಳು ಎತ್ತರವಿತ್ತು. ನಡುವೆ ಹತ್ತಿದ ಕೇರಳದ ಹೆಂಗಸೊಬ್ಬರು ಅದನ್ನು ಮೇಲಿಂದ ಕೆಳಗೆ ನೋಡಿ, "ಐರನಿಂಗ್ ಬೋರ್ಡಾ? ಎಲ್ಲಿ ಸೇಲ್?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಮ್ಮವರ ಮುಖ ಸಣ್ಣಗಾಯಿತು. "ಸ್ನೋಬೋರ್ಡ್" ಎಂದರು. ಆಕೆ ಪಾಪ, ಅದೂ ಒಂದು ಬಗೆಯ ಇಸ್ತ್ರಿ ಮೇಜೇ ಇರಬೇಕೆಂದು ತಲೆಯಾಡಿಸಿದರು.

ನಮ್ಮವರ ಹೆಸರು ಬಸವರಾಜ, ಊರು ಗದಗ. ದೊಡ್ಡ ಕಟ್ಟಡಗಳನ್ನು ತಂಪಾಗಿಡುವ ಯಂತ್ರಗಳ ಎಂಜಿನಿಯರ್. ದುಬೈಯ ಒಂದು ಮಾಲ್‌ನೊಳಗೆ ಹಿಮದ ಇಳಿಜಾರು ಕಟ್ಟಿದ್ದಾರೆಂದು ಕೇಳಿ ಮೂರು ವರ್ಷದ ಹಿಂದೆ ನೋಡಲು ಹೋಗಿದ್ದೆವು. ನಾನು ಹಿಮ ನೋಡಿದೆ. ಅವರು ಅಷ್ಟು ಚಳಿ ಎಲ್ಲಿಂದ ಬರುತ್ತಿದೆಯೆಂದು ಛಾವಣಿ ನೋಡುತ್ತ ನಿಂತರು. ಛಾವಣಿ ನೋಡಿ ಮುಗಿದ ಮೇಲೆ ಪಾಠದ ದರ ಕೇಳಿದರು. ನಲವತ್ನಾಲ್ಕನೇ ವಯಸ್ಸಿನಲ್ಲಿ, ಗದಗಿನ ಬಿಸಿಲಲ್ಲಿ ಬೆಳೆದ ಮನುಷ್ಯ, ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಮೇಲೆ ಜಾರತೊಡಗಿದರು. ಕಳೆದ ವರ್ಷ ಅಲ್ಲಿಯೇ ಬಿದ್ದು ಬಲ ಮೊಣಕಾಲಿನ ಒಳಗಿನ ಲಿಗಮೆಂಟ್ ಹರಿದುಕೊಂಡರು. ನಾನು ಫಿಸಿಯೋಥೆರಪಿಸ್ಟ್. ಆ ಮೊಣಕಾಲನ್ನು ತಿಂಗಳುಗಟ್ಟಲೆ ನನ್ನ ಕೈಯಾರೆ ಮಡಚಿಸಿ, ಚಾಚಿಸಿ, ಮತ್ತೆ ನಡೆಯುವಂತೆ ಮಾಡಿದ್ದು ನಾನೇ. ಆದ್ದರಿಂದ ಅದರ ಮೇಲೆ ನನಗೂ ಅರ್ಧ ಹಕ್ಕಿದೆಯೆಂದು ತಿಳಿದಿದ್ದೇನೆ.

ಹಲಗೆ ಅವರ ಆಫೀಸಿನ ಯೋಹಾನ್ ಎಂಬ ನಾರ್ವೆಯವನದು. ಅವನು ಕೆಲಸ ಬಿಟ್ಟು ಊರಿಗೆ ಹೊರಟಿದ್ದ. "ನಿನಗೆ ಒಗ್ಗಿದರೆ ನಿನ್ನದು. ಒಗ್ಗದಿದ್ದರೆ ಶುಕ್ರವಾರ ಸಂಜೆಯೊಳಗೆ ವಾಪಸು ಕೊಡು, ಬೇರೆಯವನಿಗೆ ಕೊಡುತ್ತೇನೆ" ಎಂದಿದ್ದ. ಮೆತ್ತನೆಯ ಹಲಗೆ ಕಲಿಯುವವರದಂತೆ. ತಪ್ಪಿ ಕಾಲಿಟ್ಟರೂ ಬಾಗಿ ಸಹಿಸಿಕೊಳ್ಳುತ್ತದಂತೆ. ಇದು ಬಿಗಿ ಹಲಗೆ, ಪಳಗಿದವರದು. ಗಟ್ಟಿ ಹಿಮವಿರಲಿ, ಪುಡಿ ಹಿಮವಿರಲಿ, ಬೆಟ್ಟದ ಯಾವ ಮೈಯಲ್ಲಾದರೂ ವೇಗದಲ್ಲಿ ನಡುಗದೆ ಇಳಿಯುತ್ತದೆ, ಆದರೆ ಕಾಲಲ್ಲಿ ಕಸುವಿಲ್ಲದವನ ಮಾತು ಕೇಳುವುದಿಲ್ಲ. ಇದನ್ನೆಲ್ಲ ನಮ್ಮವರು ನನಗೆ ಊಟದ ಹೊತ್ತಿನಲ್ಲಿ ಒಂದು ವಾರ ಹೇಳಿದ್ದರು.

ಕೊನೆಗೆ ನಾವು ಒಂದು ಒಪ್ಪಂದಕ್ಕೆ ಬಂದಿದ್ದೆವು. ಹಲಗೆ ಮೊಣಕಾಲಿಗೆ ಒಗ್ಗಿದರೆ ಜನವರಿಯಲ್ಲಿ ಇಬ್ಬರೂ ನಿಜವಾದ ಹಿಮದ ಬೆಟ್ಟಕ್ಕೆ ಹೋಗುವುದು. ಒಗ್ಗದಿದ್ದರೆ ಖಲಾಸ್, ಈ ಜನ್ಮದಲ್ಲಿ ಹಿಮದ ಮಾತು ಎತ್ತುವಂತಿಲ್ಲ. ಹಲಗೆ ಸೋಲಲಿ ಎಂದೇ ನನ್ನ ಆಸೆಯಾಗಿತ್ತು. ಅದನ್ನು ಅವರಿಗೂ ಬಾಯಿಬಿಟ್ಟು ಹೇಳಿದ್ದೆ.

ಆ ವರ್ಷ ದಸರಾ ವಾರದ ನಡುವೆ ಬಂದಿತ್ತು. ಇಲ್ಲಿ ನಮಗೆ ಹಬ್ಬಕ್ಕೆ ರಜೆಯಿಲ್ಲ, ರಜೆಗೆ ಹಬ್ಬ. ಆಯುಧಪೂಜೆಯನ್ನು ಗುರುವಾರ ಸಂಜೆಗೂ ಬನ್ನಿ ಕೊಡುವುದನ್ನು ಶುಕ್ರವಾರಕ್ಕೂ ಎಳೆದುಕೊಂಡಿದ್ದೆವು. ಗುರುವಾರ ಅವರ ನಟ್ಟು ಬಿಗಿಯುವ ಪಾನಾ, ಲ್ಯಾಪ್‌ಟಾಪ್, ನನ್ನ ಇಸ್ತ್ರಿ ಪೆಟ್ಟಿಗೆ, ಎಲ್ಲಕ್ಕೂ ಪೂಜೆಯಾಯಿತು. ಇಸ್ತ್ರಿ ಪೆಟ್ಟಿಗೆಗೆ ಈ ಸಲ ಎರಡು ಹೂ ಹೆಚ್ಚು, ಏಕೆಂದರೆ ಚೆನ್ನಾಗಿ ಜಾರಲೆಂದು ಹಲಗೆಯ ತಳಕ್ಕೆ ಮೇಣ ಕರಗಿಸಿ ಸವರಿದ್ದು ಅದರಿಂದಲೇ. ಕೊನೆಗೆ ಹಲಗೆಯನ್ನೂ ದೇವರ ಮುಂದೆ ಮಲಗಿಸಿದರು, ಬೋರಲಾಗಿ.

"ಮ್ಯಾಲಿನ ಮಗ್ಗಲಿಗೆ ಹಚ್ರಿ, ಚಂದ ಕಾಣತೈತಿ" ಎಂದೆ.

"ದುಡಿಯೂದು ತಳ. ಮ್ಯಾಲಿಂದಕ್ಕ ಯಾಕ ಪೂಜಿ?" ಎಂದು ಮೇಣದ ಮೇಲೆ ನಿಲ್ಲದ ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ದಪ್ಪಗೆ ಹಚ್ಚಿ ಕೈಮುಗಿದರು.

ಬಸ್ಸಿಗೆ ತಲೆಗೆ ಹದಿನೈದು ದಿರ್ಹಮ್, ನೂರೈವತ್ತು ಕಿಲೋಮೀಟರ್. ನಮ್ಮ ಕಾರು ಗ್ಯಾರೇಜಿನಲ್ಲಿತ್ತು. ಹಲಗೆಯನ್ನು ಕೆಳಗಿನ ಸಾಮಾನಿನ ಗೂಡಿಗೆ ಹಾಕಲು ನಮ್ಮವರು ಒಪ್ಪಲಿಲ್ಲ. ಚಾಲಕ "ಯಲ್ಲಾ, ಯಲ್ಲಾ" ಎಂದು ಅವಸರಿಸಿ ಗದರಿದ ಮೇಲೆ ಅದನ್ನು ತಬ್ಬಿಕೊಂಡು ಹಿಂದಿನ ಸೀಟಿಗೆ ಹೋದರು. ನಾನು ಮುಂದೆ ಹೆಂಗಸರ ಸಾಲಿನಲ್ಲಿ ಕುಳಿತೆ. ಅಕ್ಟೋಬರ್ ಆದರೂ ಎಂಟು ಗಂಟೆಗೇ ಕಿಟಕಿಯ ಗಾಜು ಮುಟ್ಟಿದರೆ ಬಿಸಿ. ಅಬುಧಾಬಿಯ ಖರ್ಜೂರದ ಸಾಲು ಮುಗಿದು ಮರಳು ಬಂತು, ಮರಳು ಮುಗಿದು ಜೆಬೆಲ್ ಅಲಿಯ ಕ್ರೇನುಗಳು ಬಂದವು, ಆಮೇಲೆ ಹೆದ್ದಾರಿಯ ಬದಿಗೆ ಏಳುತ್ತಿದ್ದ ಮೆಟ್ರೋ ಕಂಬಗಳು. ತಿರುಗಿ ನೋಡಿದಾಗಲೆಲ್ಲ ನಮ್ಮವರು ಹಲಗೆಯ ಮೇಲೆ ಗದ್ದವೂರಿ ನಿದ್ದೆ ಹೋಗಿದ್ದರು.

ಬರ್ ದುಬೈಯಲ್ಲಿ ಇಳಿದು ಒಂದು ಉಡುಪಿ ಹೋಟೆಲಿಗೆ ನುಗ್ಗಿದೆವು. ಇಡ್ಲಿ, ಬನ್ಸ್, ಎರಡು ಕಾಫಿ. ಬಡಿಸಿದವನು ಕಾಪು ಕಡೆಯವನು. ಗೋಡೆಗೆ ಒರಗಿಸಿದ ಚಾದರವನ್ನು ನೋಡಿ, "ಇದೆಂತದು ಸಾರ್, ಇಸ್ತ್ರಿ ಟೇಬಲಾ?" ಎಂದ.

"ಹಿಮದ ಮ್ಯಾಲೆ ಜಾರೂ ಹಲಗಿ" ಎಂದು ನಮ್ಮವರು ಸ್ವಲ್ಪ ಬಿರುಸಾಗಿಯೇ ಹೇಳಿದರು.

"ಜಾರ್ಲಿಕ್ಕೆ ದುಡ್ಡು ಬೇರೆ ಕೊಡ್ಬೇಕಾ? ಎಂತ ಸಾವು ಮಾರಾಯ್ರೆ!" ಎಂದು ಅವನು ನಕ್ಕು ಇನ್ನೊಂದು ಬನ್ಸ್ ಹಾಕಿದ. ನನ್ನ ಮನಸ್ಸಿನ ಮಾತನ್ನೇ ಆಡಿದ್ದಕ್ಕೆ ಅವನ ಬಗ್ಗೆ ನನಗೆ ಪ್ರೀತಿ ಹುಟ್ಟಿತು.

ಅಲ್ಲಿಂದ ಟ್ಯಾಕ್ಸಿಯಲ್ಲಿ ಮಾಲ್‌ಗೆ. ಇಳಿಜಾರಿನ ಪಾಸು ಎರಡು ಗಂಟೆಗೆ ನೂರೈವತ್ತು ದಿರ್ಹಮ್. ಜಾಕೆಟು, ಪ್ಯಾಂಟು, ಬೂಟು ಅದರಲ್ಲೇ ಬಂತು. ಕೈಗವಸು ಮಾತ್ರ ನಮ್ಮದು. ಹೊರಗೆ ನಲವತ್ತರ ಹತ್ತಿರದ ಸೆಖೆ, ಒಳಗೆ ಸೊನ್ನೆಗಿಂತ ಕೆಳಗೆ. ನಾನು ಒಳಗೆ ಬರುವುದಿಲ್ಲವೆಂದು ಮೊದಲೇ ಹೇಳಿದ್ದೆ. ಮೂರು ವರ್ಷದಲ್ಲಿ ಅವರು ಜಾರುವುದನ್ನು ಒಮ್ಮೆಯೂ ನೋಡಲು ಬಂದವಳಲ್ಲ. ಬಿದ್ದದ್ದನ್ನೂ ಆಸ್ಪತ್ರೆಯಲ್ಲೇ ಕೇಳಿದ್ದು. ಇಂದು ಬಂದದ್ದು ತೀರ್ಪುಗಾರಳಾಗಿ. ಹಬ್ಬವೆಂದು ಇಳಕಲ್ ಸೀರೆ ಉಟ್ಟುಕೊಂಡು, ಗಾಜಿನ ಈಚೆಯ ಕಾಫಿ ಅಂಗಡಿಯಲ್ಲಿ ಕುಳಿತೆ. ಇಳಿಜಾರು ನಡುವೆ ತಿರುಗುವುದರಿಂದ ಅಲ್ಲಿಂದ ಕೆಳಗಿನ ಅರ್ಧ ಮಾತ್ರ ಕಾಣುತ್ತಿತ್ತು.

ತಂತಿಗೆ ಜೋತು ಮೇಲೇರುವ ಕುರ್ಚಿಯಂಥ ತೊಟ್ಟಿಲಿನಲ್ಲಿ ಕುಳಿತು ಅವರು ಮೇಲೆ ಹೋದರು. ಚಹಾ ಆರುವಷ್ಟು ಹೊತ್ತು ಕಾದೆ. ತಿರುವಿನಿಂದ ನೀಲಿ ಜಾಕೆಟು ಬಂತು, ಮುಗ್ಗರಿಸುತ್ತ, ಎಳೆಯುತ್ತ, ಬ್ರೇಕು ಹಿಡಿದ ಸೈಕಲ್ಲಿನಂತೆ. ಒಂದು ಸಲ ಹಲಗೆ ಗಕ್ಕನೆ ನಿಂತಿತು, ಅವರು ಮುಂದಕ್ಕೆ ಬಿದ್ದರು. ಏಳಲಿಲ್ಲ. ಬಲ ಮೊಣಕಾಲ ಮೇಲೆ ಕೈಯಿಟ್ಟು ಹಾಗೇ ಕುಳಿತರು. ಅವರ ಹಿಂದೆ ಬಿಳಿ ಹಿಮದ ಮೇಲೆ ಒಂದು ಕೆಂಪು ಗೆರೆ. ತಿರುವಿನಿಂದ ಅವರ ಕಾಲಿನವರೆಗೂ. ಸಿಬ್ಬಂದಿಯೊಬ್ಬ ಸೀಟಿ ಊದುತ್ತ ಅವರತ್ತ ಓಡಿದ.

ನಾನು ಎದ್ದದ್ದು ನೆನಪಿಲ್ಲ. ಬಾಗಿಲಲ್ಲಿದ್ದ ಫಿಲಿಪಿನೋ ಹುಡುಗಿ "ಮೇಡಮ್, ಟಿಕೆಟ್!" ಎಂದಳು. "ಮೈ ಹಸ್ಬೆಂಡ್, ಬ್ಲಡ್" ಎಂದೆ. ಅವಳು ಬಾಗಿಲು ತೆರೆದು, ನನ್ನ ಹೆಗಲ ಮೇಲೆ ಒಂದು ಜಾಕೆಟು ಎಸೆದಳು. ಚಪ್ಪಲಿಯಲ್ಲಿ, ನೆರಿಗೆ ಎತ್ತಿ ಹಿಡಿದು, ಹಿಮದಲ್ಲಿ ಎರಡು ಸಲ ಬಿದ್ದು ಎದ್ದೆ. ನನ್ನ ರೋಗಿಗಳಿಗೆ ನಾನು ದಿನವೂ ಹೇಳುವುದು ಗಾಬರಿಯಾಗಬೇಡಿ ಎಂದು. ಆವತ್ತು ಅವರ ಮೊಣಕಾಲನ್ನು ಮುಟ್ಟಿ ನೋಡುವುದನ್ನೂ ಮರೆತು ತೋಳು ಹಿಡಿದು ಜಗ್ಗಿದೆ.

"ಗಿರಿಜಾ! ನೀ ಯಾಕ ಬಂದಿ?" ಎಂದರು ಅವರು. ನೋವಿನ ದನಿಯಲ್ಲ, ಪೂರಾ ಬೆರಗಿನ ದನಿ.

"ರಕ್ತ..."

"ಎಲ್ಲಿ ರಕ್ತ?"

ಸೀಟಿ ಊದಿದವನು ಅಷ್ಟರಲ್ಲಿ ಬಗ್ಗಿ ಹಲಗೆಯನ್ನು ತಿರುಗಿಸಿದ್ದ. ತಳದ ತುಂಬ ಎಣ್ಣೆ ಕುಂಕುಮ ಹಿಮಕ್ಕೆ ಉಜ್ಜಿ ಹರಡಿತ್ತು, ಹಲಗೆ ತಡೆತಡೆದು ನಿಂತದ್ದೂ ಅದರಿಂದಲೇ. ಮೂವರೂ ಅದನ್ನೇ ನೋಡಿದೆವು. ಅವನ ಹೆಸರು ಪ್ರೇಮ್, ನೇಪಾಳದವನು. ಒಂದು ಬೆರಳು ಒತ್ತಿ ನೋಡಿ, ಮೂಸಿ, "ಟೀಕಾ?" ಎಂದು ಕೇಳಿದ. ನಮ್ಮವರು ತಲೆತಗ್ಗಿಸಿ ಹೌದೆಂದರು.

ಬೈಯುತ್ತಾನೆಂದುಕೊಂಡೆ. ಅವನು ಕೈಗವಸು ಕಳಚಿ, ಹಲಗೆಯಿಂದ ಇನ್ನಷ್ಟು ಕುಂಕುಮ ಬೆರಳಿಗೆ ತೆಗೆದುಕೊಂಡು ತನ್ನ ಹಣೆಗೆ ಇಟ್ಟುಕೊಂಡ. ಅವರಲ್ಲೂ ಅದೇ ಹಬ್ಬ, ದಸೈಂ ಎನ್ನುತ್ತಾರಂತೆ, ಮನೆಯ ಹಿರಿಯರು ಹಣೆಗೆ ಕೆಂಪು ಇಡುವ ದಿನಗಳಂತೆ. "ಇಸ್ ಸಾಲ್ ಕಿಸೀನೇ ನಹೀ ಲಗಾಯಾ ಥಾ, ದೀದಿ" ಎಂದ. ಈ ವರ್ಷ ಇಡುವವರು ಯಾರೂ ಇರಲಿಲ್ಲ ಎಂದು ಹೇಳುವಾಗ ಅವನು ನಗುತ್ತಲೇ ಇದ್ದ. ನನಗೆ ಮಾತ್ರ ಕಣ್ಣು ತುಂಬಿತು. ಹಿರಿಯಳೆಂದು ನಾನೂ ಒಂದು ಬೆರಳು ಕುಂಕುಮ ಅವನ ಹಣೆಗೆ ಇಟ್ಟೆ. ಆಮೇಲೆ ಅವನೇ ಸಲಿಕೆ ತಂದು ಕೆಂಪು ಹಿಮವನ್ನೆಲ್ಲ ಕೆರೆದು ತೆಗೆದ, ಹಲಗೆಯ ತಳವನ್ನು ಒರೆಸಿ ಹೊಸ ಮೇಣ ಹಚ್ಚಿಕೊಟ್ಟ.

"ಈಗ ಖರೇ ಪರೀಕ್ಷೆ" ಎಂದು ನಮ್ಮವರು ಮತ್ತೆ ತೊಟ್ಟಿಲು ಹತ್ತಿದರು. ನಾನು ಕಾಫಿ ಅಂಗಡಿಗೆ ಹಿಂತಿರುಗಲಿಲ್ಲ. ಟಿಕೆಟು ಕೊಂಡು ಬೂಟು ಹಾಕಿಕೊಂಡು ಇಳಿಜಾರಿನ ಬುಡದಲ್ಲೇ ನಿಂತೆ.

ಈ ಮನುಷ್ಯನನ್ನು ಇಪ್ಪತ್ತು ವರ್ಷದಿಂದ ಬಲ್ಲೆ. ಮನೆಯಲ್ಲಿ ದಿನಕ್ಕೊಮ್ಮೆ ಮಂಚದ ಕಾಲಿಗೆ ಎಡವುತ್ತಾರೆ. ಮದುವೆ ಮನೆಯಲ್ಲಿ ಕುಣಿ ಎಂದರೆ ಕಂಬ ಹಿಡಿದು ನಿಲ್ಲುತ್ತಾರೆ. ಆ ತಿರುವಿನಿಂದ ಇಳಿದು ಬಂದವರು ಬೇರೆ ಯಾರೋ. ಹಲಗೆ ಅಂಚಿನ ಮೇಲೆ ವಾಲಿ ಹಿಮವನ್ನು ಕೊರೆದುಕೊಂಡು ಸುಯ್ ಎಂದು ಬಂತು, ಒಂದಿಷ್ಟೂ ನಡುಗದೆ. ಅವರು ಒಂದು ಕೈ ಹಿಮಕ್ಕೆ ತಾಗುವಷ್ಟು ಬಾಗಿ ಎಡಕ್ಕೆ ಹೊರಳಿದರು, ಬಲಕ್ಕೆ ಹೊರಳಿದರು. ಎಷ್ಟು ಚಂದವಿದ್ದರು! ಮೂರು ವರ್ಷ ಇದನ್ನು ನೋಡದೆ ಮನೆಯಲ್ಲಿ ಕುಳಿತು ಸಿಟ್ಟಾಗಿದ್ದೆನಲ್ಲ ಎಂದು ನನಗೇ ಬೇಸರವಾಯಿತು. ಏಳೆಂಟು ಸಲ ಇಳಿದರು. ದೊಡ್ಡ ತಿರುವು, ಸಣ್ಣ ತಿರುವು, ಗಡುಸಾದ ಹಿಮ, ಪೂರ್ತಿ ವೇಗ. ನನ್ನ ಕಣ್ಣಿಗೆ ಒಂದು ತಪ್ಪೂ ಕಾಣಲಿಲ್ಲ.

ಕೊನೆಯ ಸಲ ಇಳಿದು ಬಂದು, ಪಟ್ಟಿ ಬಿಚ್ಚಿ, ಹಲಗೆಯನ್ನು ಎದೆಗೆ ಆನಿಸಿಕೊಂಡು ನಿಂತರು. "ಭಾಳ ಛಲೋ ಹಲಗಿ" ಎಂದರು. "ಇಂಥಾದ್ದು ನಾ ತುಳದೇ ಇಲ್ಲ. ಆದ್ರ ನಂದಲ್ಲ."

"ಯಾಕ? ಛಂದ ಬಂದ್ರಿ."

"ಇದನ್ನ ಹೊಳ್ಳಿಸಬೇಕಂದ್ರ ಮೊಣಕಾಲಿಂದ ಒತ್ತಬೇಕು. ನಾ ಒತ್ತೂದ್ರಾಗ ಅದು ಮುಂದ ಹೋಗಿರತೈತಿ. ಇಲ್ಲಿ ಇಳಿಜಾರು ಸಣ್ಣದು, ನಡೀತು. ಬೆಟ್ಟದಾಗ ಬೀಳತೀನಿ." ಹಲಗೆಗೆ ಅಂಟಿದ ಹಿಮ ಒರೆಸುತ್ತ, "ಖಲಾಸ್. ಮಾತು ಅಂದ್ರ ಮಾತು" ಎಂದರು.

ಅವರು ಸುಳ್ಳು ಹೇಳಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ನಾನು ಬಯಸಿದ್ದೇ ಆಗಿತ್ತು, ಸಂತೋಷ ಮಾತ್ರ ಎಲ್ಲೂ ಇರಲಿಲ್ಲ.

ಹಲಗೆ ಹಿಂತಿರುಗಿಸಲು ದುಬೈಯಲ್ಲೇ ಇರುವ ಡಿಸ್ಕವರಿ ಗಾರ್ಡನ್ಸ್ ಬಡಾವಣೆಗೆ ಟ್ಯಾಕ್ಸಿ ಹಿಡಿದೆವು. ಯೋಹಾನ್‌ನ ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಅವನು ಹಲಗೆಯನ್ನು ತಿರುಗಿಸಿ ನೋಡಿ, ಅಂಚಿನಲ್ಲಿ ಉಳಿದಿದ್ದ ಕೆಂಪನ್ನು ಕೇಳಿದ. ನಮ್ಮವರು ವಿವರಿಸಿದರು. "ಹಾಗಾದರೆ ಅದನ್ನು ಒರೆಸುವುದಿಲ್ಲ" ಎಂದ. ಹೊರಗೆ ರಸ್ತೆ ಬದಿಗೆ ಒಂದು ಗಾಫ್ ಮರವಿತ್ತು. ಇಲ್ಲಿನವರು ಗಾಫ್ ಎನ್ನುವುದು ನಮ್ಮ ಬನ್ನಿಯೇ. ಒಂದು ಹಿಡಿ ಎಲೆ ಕಿತ್ತು, ಬೀಳ್ಕೊಡಲು ಕೆಳಗೆ ಬಂದ ಯೋಹಾನ್‌ಗೆ ಕೊಟ್ಟು, ಬಂಗಾರ ಎಂದು ತಿಳಿದು ಇಟ್ಟುಕೋ ಎಂದೆ. ನಮ್ಮವರಿಗೂ ಕೊಟ್ಟೆ. "ಬಂಗಾರದಂಗ ಇರೂಣು" ಎಂದು ಅವರು ಪದ್ಧತಿಯಂತೆ ಹೇಳಿ, ಎಲೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಮಡಚಿದ ಚಾದರ ಅವರ ಹೆಗಲ ಮೇಲಿತ್ತು. ಬೆಳಿಗ್ಗೆಯಿಂದ ಹಲಗೆ ಹಿಡಿದಿದ್ದ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತೋಚುತ್ತಿರಲಿಲ್ಲ.

ಬರ್ ದುಬೈಯಿಂದ ಸಂಜೆಯ ಬಸ್ಸು. ನಾನು ಮತ್ತೆ ಮುಂದೆ, ಅವರು ಮತ್ತೆ ಹಿಂದೆ. ಸ್ವಲ್ಪ ದೂರ ಹೋದ ಮೇಲೆ ಮಾಲ್ ಬಂತು. ಅದರ ಛಾವಣಿಯ ಮೇಲೆ ಹಿಮದ ಇಳಿಜಾರಿನ ಉದ್ದನೆಯ ಕೊಳವೆ ಓರೆಯಾಗಿ ಎದ್ದು ನಿಂತಿತ್ತು. ತಿರುಗಿ ನೋಡಿದೆ. ನಮ್ಮವರು ಸೀಟಿನಿಂದ ಅರ್ಧ ಎದ್ದು, ಕಿಟಕಿಗೆ ಕೈ ಊರಿ, ಅದನ್ನೇ ನೋಡುತ್ತಿದ್ದರು. ಅದು ಕಣ್ಣಿಗೆ ಮರೆಯಾದ ಮೇಲೂ ಕೂರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ತುಂಬಿದ ಬಸ್ಸಿನ ಆ ತುದಿಗೆ ಕೇಳುವಂತೆ ಕೂಗಿದೆ: "ಏನ್ರೀ! ಮೆತ್ತಗಿನ ಹಲಗಿ ಸಿಗತೈತೇನು?"

ಪಠಾಣರು, ಮಲೆಯಾಳಿಗಳು, ಎಲ್ಲರೂ ನನ್ನತ್ತ ತಿರುಗಿದರು. ನಮ್ಮವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಸಿಗತೈತಿ!" ಎಂದು ಹಿಂದಿನಿಂದ ಕೂಗು ಬಂತು. "ಮತ್ತ ಮಾತು?"

"ಮಾತು ಆ ಹಲಗಿದು. ನಾ ಜನವರಿಗೆ ಸ್ವೆಟರ್ ತಗೋತೀನಿ."

ಚಾಲಕ ಕನ್ನಡಿಯಲ್ಲಿ ನೋಡಿ "ಸಿಟ್, ಸಿಟ್, ಯಲ್ಲಾ" ಎಂದ. ನಾನು ಕುಳಿತೆ. ಹಿಂದಿನ ಸೀಟಿನಲ್ಲಿ ಅವರೂ ಕುಳಿತರು.